ಹಗುರವಾದ ಟೆಲಿ ಜೂಮ್ ಬೇಕು, ಈ ಭಾರ ಹೊತ್ತು ಸಾಕಾಗಿದೆ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಿನಲ್ಲಿ ಬರೆಯುತ್ತಿದ್ದೇನೆ. ನನ್ನ ಹತ್ತಿರ 150-600 ಎಂಎಂ ಟೆಲಿ ಜೂಮ್ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸ್ ಇದೆ. ಯಾವ ಕಂಪನಿ ಅಂತ ಹೇಳುವುದು ಬೇಡ. ಸುಮಾರು ಎರಡು ಕೆಜಿ ತೂಗುತ್ತದೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಭಾನುವಾರ ಮಾತ್ರ ಬಿಡುವು. ಕಳೆದ ಭಾನುವಾರ ಲಕ್ಕವಳ್ಳಿಗೆ ಹೋಗಿ ಭದ್ರಾ ಹಿನ್ನೀರಿನಲ್ಲಿ ರೀವಗಳ (ರಿವರ್ ಟರ್ನ್ ಹಕ್ಕಿಗಳ) ಫೋಟೊ ತೆಗೆದೆ. ಬೋಟ್ ಹತ್ತಿ ಸ್ವಲ್ಪ ಹೊತ್ತಿಗೇ ಎಡಗೈ ಸೋತುಹೋಯಿತು. ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಒಂದು ಫೋಟೊನೂ ಶಾರ್ಪ್ ಇಲ್ಲ. ಕಣ್ಣು ಎಲ್ಲಿದೆ ಅಂತ ಹುಡುಕಬೇಕು.

ಭುಜದ ನೋವಿಗೆ ತೋರಿಸಿದ ಡಾಕ್ಟರು ಭಾರ ಎತ್ತಲೇಬೇಡಿ ಅಂದಿದ್ದಾರೆ. ಅದಕ್ಕೇ ಇದನ್ನು ಮಾರಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಹಗುರವಾದ ಟೆಲಿ ಜೂಮ್ ತಗೋಬೇಕು. ಯಾವುದು ಒಳ್ಳೆಯದು? ಒಂದೇ ಹೆಸರು ಹೇಳಿದರೂ ಸಾಕು. ಮಳೆ ಶುರುವಾಗಿ ಮಂಡಗದ್ದೆ, ಗುಡವಿ ಪಕ್ಷಿಧಾಮಗಳಿಗೆ ಹಕ್ಕಿ ಬರುವ ಮೊದಲು ಕೈಗೆ ಬರಬೇಕು.

ಕೆರೆದಂಡೆ (ಮೈಸೂರು)

ಯೋಚನೆಯೇ ಬೇಡ ಮೇಡಂ, ಸೋನಿ 70-350 ತಗೊಳ್ಳಿ. 625 ಗ್ರಾಂ ಅಷ್ಟೇ. ಕ್ರಾಪ್, ಅಂದರೆ ಚಿಕ್ಕ ಸೆನ್ಸರ್‌ನಲ್ಲಿ 525 ಎಂಎಂನಷ್ಟು ರೀಚ್ ಸಿಗುತ್ತದೆ. ಲೆನ್ಸ್‌ನಲ್ಲೇ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇದೆ. ನಾನು ರಂಗನತಿಟ್ಟಿಗೆ ಹೋಗುವಾಗ ಇದೊಂದೇ ಲೆನ್ಸ್. ಅಲ್ಲಿ ದೋಣಿ ಬಂಡೆಗಳ ಹತ್ತಿರವೇ ಹೋಗುತ್ತದೆ, ಬಣ್ಣದ ಕೊಕ್ಕರೆಗೆ 350 ಕೂಡ ಕೆಲವೊಮ್ಮೆ ಜಾಸ್ತಿ ಆಗುತ್ತದೆ. ಮನೆಯಲ್ಲಿ 200-600 ಕೂಡ ಇದೆ. ಕಬಿನಿ ಸಫಾರಿಗೆ ಬೀನ್ ಬ್ಯಾಗ್ ಹಾಕಿ ಅದನ್ನು ಇಟ್ಟುಕೊಳ್ಳುತ್ತೇನೆ. ಒಳಗೇ ಜೂಮ್ ಆಗುವ ಲೆನ್ಸ್, ಹೊರಗೆ ಉದ್ದ ಆಗುವುದಿಲ್ಲ. ಆ ನೆಮ್ಮದಿಯೇ ಬೇರೆ.

ಸುಂಗೈ_ಕನ್ನಡಿಗ (ಸಿಂಗಾಪುರ)

ಫ್ಯೂಜಿ 70-300 ನೋಡಿ. 580 ಗ್ರಾಂ. ಮಳೆ ಹನಿ ತಡೆಯುವ ಸೀಲಿಂಗ್ ಇದೆ, ರೀಚ್ 1.4 ಪಟ್ಟು ಮಾಡುವ ಕನ್ವರ್ಟರ್ ಕೂಡ ಹಾಕಬಹುದು. ಇಲ್ಲಿ ಸುಂಗೈ ಬುಲೋ ಜೌಗು ಪ್ರದೇಶದಲ್ಲಿ ನನ್ನ ಎಲ್ಲ ಕೆಲಸ ಅದರಲ್ಲೇ. ಹತ್ತಿರದ ಚಿಟ್ಟೆಗೂ ಫೋಕಸ್ ಆಗುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುತ್ತಿಗೆಯಲ್ಲಿ ನೇತುಹಾಕಿಕೊಂಡರೂ ಏನೂ ಅನಿಸುವುದಿಲ್ಲ.

ಗೇರುಮರ (ಕುಂದಾಪುರ)

ಎಲ್ಲರೂ ಹೊಸ ಲೆನ್ಸ್ ಮಾರುವ ಅವಸರದಲ್ಲಿದ್ದೀರಿ. ಮೊದಲು ಕಾಯಿಲೆ ಏನು ಅಂತ ನೋಡಬೇಕಲ್ವಾ? ಎರಡು ಕೆಜಿಯ 150-600 ಅಂದರೆ ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಹಳೆಯ ಥರದ ಕ್ಯಾಮೆರಾ) ಕಾಲದ ಲೆನ್ಸ್ ಇರಬೇಕು. ಅದನ್ನು ಮಿರರ್‌ಲೆಸ್‌ಗೆ ಹಾಕಿದ್ದಾರೆ ಅಂದರೆ ಮಧ್ಯೆ ಎರಡನ್ನೂ ಜೋಡಿಸುವ ಅಡಾಪ್ಟರ್ ಇರಲೇಬೇಕು. ಶಾರ್ಪ್ ಬಾರದಿರುವುದಕ್ಕೆ ಅದೇ ಕಾರಣ. ನೂರಕ್ಕೆ ನೂರು ಅಡಾಪ್ಟರ್. ಅದನ್ನು ಬದಲಾಯಿಸಿ ನೋಡಿ.

ಬಕಧ್ಯಾನ (ಬಳ್ಳಾರಿ)

ಮೇಡಂ, ಬಾಡಿ (ಕ್ಯಾಮೆರಾ) ಯಾವುದು ಅಂತ ನೀವು ಬರೆದೇ ಇಲ್ಲ. ಸೋನಿ ಲೆನ್ಸ್ ಕ್ಯಾನನ್‌ಗೆ ಕೂರುವುದಿಲ್ಲ, ಫ್ಯೂಜಿಯದು ನಿಕಾನ್‌ಗೆ ಕೂರುವುದಿಲ್ಲ. ಮೌಂಟ್ (ಲೆನ್ಸ್ ಕೂರುವ ಬಾಯಿ) ಗೊತ್ತಿಲ್ಲದೆ ಹೆಸರು ಹೇಳುವುದು ಸುಮ್ನೆ. ಮೂರು ವಿಷಯ ತಿಳಿಸಿ. ಯಾವ ಕ್ಯಾಮೆರಾ, ಎಷ್ಟು ಬಜೆಟ್, ಆ ರೀವದ ಫೋಟೊದಲ್ಲಿ ಶಟರ್ ಸ್ಪೀಡ್ (ಶಟರ್ ತೆರೆದಿರುವ ಸಮಯ) ಎಷ್ಟಿತ್ತು.

ತುಂಗಾತೀರ

ಕ್ಯಾನನ್. ಅಡಾಪ್ಟರ್ ಇದೆ. ಬಜೆಟ್ ಲಕ್ಷದೊಳಗೆ.

ಗೇರುಮರ

ನಾನು ಹೇಳಲಿಲ್ವಾ, ಅಡಾಪ್ಟರ್!

ಕೆರೆದಂಡೆ

ಕ್ಯಾನನ್ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಬರೆಯುತ್ತಿರಲಿಲ್ಲ. ಇನ್ನೂ ಹೊಸ ಬಾಡಿ ತಗೊಂಡಿಲ್ಲದಿದ್ದರೆ ಸೋನಿಗೆ ಬನ್ನಿ. ಸಿಗ್ಮಾ 100-400, ಟ್ಯಾಮ್ರಾನ್ 50-400 ಎರಡೂ ಸಿಗುತ್ತವೆ. ಎರಡೂ 1.1 ಕೆಜಿ ಆಸುಪಾಸು.

ಬಕಧ್ಯಾನ

ಅವರ ಹತ್ತಿರ ಬಾಡಿ ಇದೆ ಸರ್. ಅದನ್ನೇ ಬಿಟ್ಟು ಬನ್ನಿ ಅನ್ನುವುದು ಪರಿಹಾರ ಅಲ್ಲ. ಮೇಡಂ, ಕ್ಯಾನನ್‌ನಲ್ಲಿ ಯಾವುದು? ಆರ್7, ಆರ್10, ಆರ್50, ಆರ್8, ಇವೆಲ್ಲ ಬೇರೆ ಬೇರೆ.

ತುಂಗಾತೀರ

ಆರ್10. ಮೊದಲು ಡಿಎಸ್‌ಎಲ್‌ಆರ್ ಇತ್ತು, ಲೆನ್ಸ್ ಅದರದ್ದು. ಫೋಟೊದ ವಿವರ ಈಗ ನೋಡಿದೆ: 600 ಎಂಎಂ, ಶಟರ್ 1/320 ಸೆಕೆಂಡ್, ಲೆನ್ಸ್ ಕಿಂಡಿ ಎಫ್/6.3, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100. ಸಮಯ 11:20. ಬಿಸಿಲು ಚೆನ್ನಾಗಿತ್ತು, ಬೆಳಕಿನ ಸಮಸ್ಯೆ ಅಲ್ಲ ಅಂದುಕೊಂಡು ಇದನ್ನೆಲ್ಲ ಬರೆದಿರಲಿಲ್ಲ.

ಬಕಧ್ಯಾನ

ಈಗ ಮಾತಾಡಬಹುದು. ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ. ಭುಜದ ನೋವಿಗೆ ಲೆನ್ಸ್ ಬದಲಾಯಿಸಬೇಕು, ಸರಿ. ಫೋಟೊ ಮಸುಕಾಗಿದ್ದಕ್ಕೆ ಮಾತ್ರ ಲೆನ್ಸ್ ಬದಲಾಯಿಸಿದರೆ ಹೊಸದರಲ್ಲೂ ಹಾಗೇ ಬರುತ್ತದೆ.

ಆರ್10 ಬಾಡಿ ಒಳಗೆ ಸ್ಟೆಬಿಲೈಸೇಶನ್ ಇಲ್ಲ. ಲೆನ್ಸ್‌ನಲ್ಲಿ ಇರುವುದಷ್ಟೇ ಗತಿ. ಸೆನ್ಸರ್ 1.6 ಕ್ರಾಪ್, ಹಾಗಾಗಿ 600 ಅನ್ನುವುದು 960ರ ನೋಟ ಕೊಡುತ್ತದೆ. ಕೈಯಲ್ಲಿ ಹಿಡಿದರೆ ಕನಿಷ್ಠ 1/1000 ಬೇಕು. ನೀವಿದ್ದದ್ದು ಮೋಟಾರ್ ಬೋಟ್‌ನಲ್ಲಿ. ಎಂಜಿನ್ ಅದುರು, ನೀರಿನ ಓಲಾಟ, ಮೇಲೆ ಸೋತ ಕೈ. ಸ್ಟೆಬಿಲೈಸೇಶನ್ ನಿಮ್ಮ ಕೈನ ನಡುಕ ಹಿಡಿಯುತ್ತದೆ, ಹಕ್ಕಿಯ ರೆಕ್ಕೆಯನ್ನು ಹಿಡಿಯುವುದಿಲ್ಲ. ರೀವ ಹಾರುವಾಗ ನಾನು 1/2500ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆ ಬಿಸಿಲಿಗೆ ಐಎಸ್‌ಒ 800 ಇಟ್ಟರೆ 1/2500 ಆರಾಮಾಗಿ ಸಿಗುತ್ತಿತ್ತು.

ಇನ್ನೊಂದು, 11:20ಕ್ಕೆ ನೀರಿನ ಮೇಲೆ ಬಿಸಿಗಾಳಿ ಏಳುತ್ತಿರುತ್ತದೆ. ದೂರದ ನಡುಗಡ್ಡೆ ಮೇಲೆ ಕೂತ ಹಕ್ಕಿ ಅದರ ಮೂಲಕ ಕಾಣುವಾಗ ಯಾವ ಲೆನ್ಸೂ ಶಾರ್ಪ್ ಕೊಡುವುದಿಲ್ಲ. ಎಷ್ಟು ಲಕ್ಷದ್ದಾದರೂ ಅಷ್ಟೇ. ಬೆಳಗಿನ ಮೊದಲ ಬೋಟ್ ಹಿಡಿಯಿರಿ.

ಲೆನ್ಸ್ ವಿಷಯ. ನಿಮ್ಮ ಮೌಂಟ್‌ಗೆ, ನಿಮ್ಮ ದುಡ್ಡಿಗೆ, ನಿಮ್ಮ ಭುಜಕ್ಕೆ ಒಂದೇ ಉತ್ತರ: ಕ್ಯಾನನ್ ಮಿರರ್‌ಲೆಸ್‌ನ ಆರ್‌ಎಫ್ 100-400 ಎಫ್/5.6-8. ತೂಕ 635 ಗ್ರಾಂ. ಆರ್10 ಬ್ಯಾಟರಿ ಸೇರಿ 429 ಗ್ರಾಂ. ಎರಡೂ ಸೇರಿದರೆ ಒಂದು ಕೆಜಿಗೆ ಸ್ವಲ್ಪ ಮೇಲೆ. ಈಗ ನೀವು ಹೊರುತ್ತಿರುವುದು ಅಡಾಪ್ಟರ್ ಸೇರಿ ಎರಡೂವರೆ ಕೆಜಿ.

ಗೇರುಮರ

ಇಷ್ಟೆಲ್ಲ ಬರೆದಿರಿ, ಅಡಾಪ್ಟರ್ ಬಗ್ಗೆ ಒಂದು ಮಾತೂ ಇಲ್ಲ. ಮಧ್ಯೆ ಇನ್ನೊಂದು ಗ್ಲಾಸ್ ಬಂದರೆ ಶಾರ್ಪ್‌ನೆಸ್ ಹೋಗದೆ ಇರುತ್ತದಾ?

ಬಕಧ್ಯಾನ

ಇಎಫ್‌ನಿಂದ (ಡಿಎಸ್‌ಎಲ್‌ಆರ್ ಮೌಂಟ್) ಆರ್‌ಎಫ್‌ಗೆ ಹಾಕುವ ಕ್ಯಾನನ್‌ನ ಮಾಮೂಲಿ ಅಡಾಪ್ಟರ್ ಒಳಗೆ ಗ್ಲಾಸೇ ಇಲ್ಲ ಸರ್. ಖಾಲಿ ಕೊಳವೆ, ಜೊತೆಗೆ ಕರೆಂಟ್ ಹರಿಯುವ ಪಿನ್‌ಗಳು. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಇದ್ದ ಜಾಗ ಇಲ್ಲಿ ಇಲ್ಲ, ಆ ಅಂತರ ತುಂಬಲು ಅದು. ಹಳೆಯ ಲೆನ್ಸ್‌ಗಳ ಫೋಕಸ್ ಕೆಲವೊಮ್ಮೆ ಹಿಂದೆ ಮುಂದೆ ಅಲುಗಾಡುವುದು ಉಂಟು, ಒಪ್ಪುತ್ತೇನೆ. ಅದು ಲೆನ್ಸ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ವಿಷಯ. ಹಾಗಾದರೆ ಒಂದು ಫ್ರೇಮ್ ಶಾರ್ಪ್, ಇನ್ನೊಂದು ಇಲ್ಲ ಅಂತ ಬರುತ್ತದೆ. ಎಲ್ಲವೂ ಒಂದೇ ಥರ ಮಸುಕು ಅಂದರೆ ಶಟರ್ ಸ್ಪೀಡೇ.

ಗೇರುಮರ

ನನ್ನ ಸ್ನೇಹಿತರೊಬ್ಬರು ಅಡಾಪ್ಟರ್ ಬದಲಾಯಿಸಿದ ಮೇಲೆ ಸರಿಯಾಯಿತು. ಕಣ್ಣಾರೆ ನೋಡಿದ್ದೇನೆ. ಮೌಂಟ್ ಸಡಿಲ ಇದ್ದರೆ ಲೆನ್ಸ್ ಭಾರಕ್ಕೆ ಜಗ್ಗುತ್ತದೆ.

ಪಶ್ಚಿಮವಾಹಿನಿ (ಶಿರಸಿ)

ಎಫ್/8 ಅಂತ ಓದಿ ಗಾಬರಿಯಾಯಿತು, ಈ ಸಂಖ್ಯೆ ಹೆಚ್ಚಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಮಲೆನಾಡಿನ ಕಾಡಿನಲ್ಲಿ ಎಫ್/8 ಇಟ್ಟುಕೊಂಡು ಏನು ಮಾಡುವುದು? ದಾಂಡೇಲಿಯಲ್ಲಿ ಸಂಜೆ ಮಂಗಟ್ಟೆ ಬರುವ ಹೊತ್ತಿಗೆ ಮರದ ಕೆಳಗೆ ಕತ್ತಲೆ. ಮೇಡಂ, ಸ್ವಲ್ಪ ದುಡ್ಡು ಕೂಡಿಟ್ಟು ಆರ್‌ಎಫ್ 100-500 ತಗೊಳ್ಳಿ.

ಬಕಧ್ಯಾನ

ಅದು ಎರಡು ಲಕ್ಷ ದಾಟುತ್ತದೆ, ತೂಕವೂ 1.3 ಕೆಜಿಗಿಂತ ಜಾಸ್ತಿ. ಕೊನೆಯಲ್ಲಿ ಅದೂ ಎಫ್/7.1ಏ. ಅವರ ಈಗಿನ ಲೆನ್ಸ್ 6.3. ಅಲ್ಲಿಂದ 8ಕ್ಕೆ ಬಂದರೆ ನಷ್ಟ ಒಂದು ಸ್ಟಾಪ್‌ನ (ಬೆಳಕು ಅರ್ಧವಾಗುವಷ್ಟು ಅಳತೆ) ಮೂರನೇ ಎರಡು ಪಾಲು. ಐಎಸ್‌ಒ 1600 ಇಡುವಲ್ಲಿ 2500. ರಾ ಫೈಲ್‌ನಲ್ಲಿ ತೆಗೆದು ಲೈಟ್‌ರೂಮ್ ಸಾಫ್ಟ್‌ವೇರ್‌ನ ಡಿನಾಯ್ಸ್ (ಫೋಟೊದ ಕಾಳು ಕಾಳು ತೆಗೆಯುವುದು) ಹಾಕಿದರೆ ಅದು ದೊಡ್ಡ ವಿಷಯ ಅಲ್ಲ.

ನಿಜವಾದ ನಷ್ಟ ಬೇರೆ ಕಡೆ ಇದೆ. 600ರಿಂದ 400ಕ್ಕೆ ಇಳಿದರೆ ಹಕ್ಕಿ ಫ್ರೇಮ್‌ನಲ್ಲಿ ಮೊದಲಿನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕಾಣುತ್ತದೆ. ಭದ್ರಾ ಹಿನ್ನೀರಿನಲ್ಲಿ ಇದು ಗೊತ್ತಾಗುತ್ತದೆ. ಮಂಡಗದ್ದೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಅಲ್ಲಿ ರಸ್ತೆ ಬದಿಯಿಂದಲೇ ಬೆಳ್ಳಕ್ಕಿ ಗೂಡುಗಳು ಕಾಣುತ್ತವೆ.

ಸುಂಗೈ_ಕನ್ನಡಿಗ

960ರ ನೋಟ, 525ರ ರೀಚ್ ಅಂತೆಲ್ಲ ಬರೆಯುತ್ತೀರಲ್ಲ, ಲೆನ್ಸ್ ಯಾವತ್ತೂ ಉದ್ದ ಆಗುವುದಿಲ್ಲ. 400 ಅಂದರೆ 400ಏ. ಕ್ರಾಪ್ ಸೆನ್ಸರ್ ಅಂಚು ಕತ್ತರಿಸುತ್ತದೆ ಅಷ್ಟೇ.

ಕೆರೆದಂಡೆ

ಕತ್ತರಿಸಿದ ಜಾಗದಲ್ಲೂ 24 ಮೆಗಾಪಿಕ್ಸೆಲ್ ಕೂರಿಸಿದ್ದಾರಲ್ಲ. ಹಕ್ಕಿ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತದೆ ಅನ್ನುವುದೇ ಲೆಕ್ಕ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) 24 ಮೆಗಾಪಿಕ್ಸೆಲ್‌ನಲ್ಲಿ ಅದೇ ಹಕ್ಕಿಯನ್ನು ಕ್ರಾಪ್ ಮಾಡಿದರೆ ಉಳಿಯುವುದು ಒಂಬತ್ತು ಚಿಲ್ಲರೆ.

ಪಶ್ಚಿಮವಾಹಿನಿ

ಈ ಲೆಕ್ಕ ಬೇರೆ ಕಡೆ ಮಾಡಿಕೊಳ್ಳಿ. ಇದಕ್ಕಿಂತ ಮುಖ್ಯ ವಿಷಯ ಯಾರೂ ಎತ್ತಿಲ್ಲ. ಆ 100-400ಗೆ ವೆದರ್ ಸೀಲಿಂಗ್ (ನೀರು, ಧೂಳು ತಡೆ) ಇಲ್ಲ. ಮೇಡಂಗೆ ಬೇಕಿರುವುದು ಮಳೆಗಾಲಕ್ಕೆ, ಮಲೆನಾಡಿನಲ್ಲಿ. ಜೂಮ್ ಮಾಡಿದಾಗಲೆಲ್ಲ ಆ ಕೊಳವೆ ಹೊರಗೆ ಬಂದು ಒಳಗೆ ಹೋಗುತ್ತದೆ, ಜೊತೆಗೆ ತೇವದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಶಿರಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸ್ ಒಳಗೆ ಒಮ್ಮೆ ಬೂಷ್ಟು ಬಂತೆಂದರೆ ಕೋಟಿಂಗ್ ತಿಂದುಬಿಡುತ್ತದೆ. ಆಮೇಲೆ ಬಿಚ್ಚಿ ಒರೆಸಿದರೂ ಕಲೆ ಉಳಿಯುತ್ತದೆ.

ನಾನು ಡ್ರೈ ಕ್ಯಾಬಿನೆಟ್ ಇಟ್ಟಿದ್ದೇನೆ, ತೇವಾಂಶ ಶೇ. 45ಕ್ಕೆ ನಿಲ್ಲಿಸಿದ್ದೇನೆ. ಅದು ಬೇಡ ಅಂದರೆ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಾಂಶ ಮೀಟರ್. ಬಣ್ಣ ಬದಲಾಯಿಸುವ ಜೆಲ್ ತಂದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂತಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಹಿಟ್ಟು ಒಳಗೆ ಸೇರುತ್ತದೆ. ಮಳೆಯಿಂದ ಬಂದ ತಕ್ಷಣ ಬ್ಯಾಗ್‌ನೊಳಗೆ ಹಾಗೇ ಬಿಡಬೇಡಿ. ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಡಬ್ಬಿಗೆ ಹಾಕಿ.

ಬಕಧ್ಯಾನ

ಇದು ಒಳ್ಳೆಯ ಮಾತು. ಬಳ್ಳಾರಿ ಕಡೆಯವನಿಗೆ ಧೂಳಿನ ಚಿಂತೆಯೇ ಜಾಸ್ತಿ, ತೇವ ನೆನಪಿಗೇ ಬರಲಿಲ್ಲ. ದರೋಜಿ ಕರಡಿಧಾಮಕ್ಕೆ ಹೋಗಿ ಬಂದರೆ ಜೂಮ್ ರಿಂಗ್‌ನಲ್ಲಿ ಮಣ್ಣು ಕರಕರ ಅನ್ನುತ್ತದೆ. ಮೇಡಂ, ಮಳೆ ಕವರ್ ಒಂದು ಇರಲಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಬೆಳಿಗ್ಗೆ ಏಳಕ್ಕೇ ತುಂಗಾ ದಂಡೆಗೆ ಹೋಗಿ ಹಳೆಯ ಲೆನ್ಸ್‌ನಲ್ಲೇ ನೋಡಿದೆ. ಅದೇ ಅಡಾಪ್ಟರ್. 1/2000, ಐಎಸ್‌ಒ ಆಟೊ. ತಂತಿ ಮೇಲಿನ ಕಳ್ಳಿಪೀರದ ಗರಿ ಗರಿಯೂ ಎಣಿಸುವ ಹಾಗೆ ಬಂದಿದೆ. ಹಾರುವ ಬೆಳ್ಳಕ್ಕಿಯೂ ಚೆನ್ನಾಗಿದೆ. ಭುಜ ಮಾತ್ರ ಸೋಮವಾರ ಬೋರ್ಡ್ ಮೇಲೆ ಬರೆಯಲೂ ಬಿಡಲಿಲ್ಲ.

ಊರಿನ ಅಂಗಡಿಯಲ್ಲಿ ಆರ್‌ಎಫ್ 100-400 ನನ್ನ ಬಾಡಿಗೆ ಹಾಕಿ ನೋಡಿದೆ. ಒಂದೇ ಕೈಯಲ್ಲಿ ಹಿಡಿಯಬಹುದು. ಅಂಗಡಿ ಎದುರಿನ ಕರೆಂಟ್ ಕಂಬದ ಕಾಗೆಗೆ 400ರಲ್ಲಿ ಫೋಕಸ್ ತಟ್ಟನೆ ಹಿಡಿಯಿತು. ಅದನ್ನೇ ತಗೊಳ್ಳುತ್ತೇನೆ. 600 ಬಿಟ್ಟುಕೊಡುವುದಕ್ಕೆ ಬೇಸರ ಇದೆ. 1.4 ಕನ್ವರ್ಟರ್ ಹಾಕಿದರೆ ಹೇಗೆ?

ಬಕಧ್ಯಾನ

ಹಾಕಲು ಬರುತ್ತದೆ, ಆದರೆ ಎಫ್/11 ಆಗುತ್ತದೆ. ಕನ್ವರ್ಟರ್ ದುಡ್ಡು ಲೆನ್ಸ್ ದುಡ್ಡಿಗೆ ಹತ್ತಿರ ಬರುತ್ತದೆ. ಬೇಡ. ಆ ದುಡ್ಡಿಗೆ ಡ್ರೈ ಕ್ಯಾಬಿನೆಟ್ ತಗೊಳ್ಳಿ. ರೀಚ್ ಬೇಕೇ ಬೇಕು ಅಂದರೆ 600 ಎಫ್/11 ಅಂತ ಒಂದಿದೆ, 930 ಗ್ರಾಂ. ಜೂಮ್ ಇಲ್ಲ, ಹತ್ತಿರದ ಫೋಕಸ್ 4.5 ಮೀಟರ್. ನಿಮಗೆ ಹೊಂದುವುದಿಲ್ಲ.

ಈ 100-400ರ ಇನ್ನೊಂದು ಗುಣ ಹೇಳಲೇ ಇಲ್ಲ. 400ರಲ್ಲಿ ಸುಮಾರು ಒಂದು ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿ ಎಲ್ಲ ಫ್ರೇಮ್ ತುಂಬ ಬರುತ್ತವೆ. ಶಾಲೆ ಮಕ್ಕಳಿಗೆ ತೋರಿಸಲು ಬೇಕಾದಷ್ಟು ಸಿಗುತ್ತದೆ.

ಗೇರುಮರ

ಹಳೆಯ ಲೆನ್ಸ್ ಮಾರುವಾಗ ಅಡಾಪ್ಟರ್ ಜೊತೆಗೆ ಕೊಡಬೇಡಿ ಮೇಡಂ. ಬೇರೆ ಕ್ಯಾಮೆರಾದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ನನಗೆ ಈಗಲೂ ಅದರ ಮೇಲೆಯೇ ಅನುಮಾನ.

ಕೆರೆದಂಡೆ

ಮಾರುವುದಿದ್ದರೆ ನನಗೊಂದು ಮಾತು ತಿಳಿಸಿ. ನಮ್ಮ ಕಸಿನ್ ಹತ್ತಿರ ಇನ್ನೂ ಡಿಎಸ್‌ಎಲ್‌ಆರ್ ಇದೆ, ಗಟ್ಟಿ ಆಳು, ತೂಕದ ಚಿಂತೆ ಇಲ್ಲ.

ತುಂಗಾತೀರ

ಖಂಡಿತ ಸರ್. ಲೆನ್ಸ್ ಬುಕ್ ಮಾಡಿದೆ, ಶುಕ್ರವಾರ ಬರುತ್ತದೆ. ಹುಡ್ (ಲೆನ್ಸ್ ಮುಂದಿನ ನೆರಳಿನ ಕೊಳವೆ) ಪೆಟ್ಟಿಗೆಯಲ್ಲೇ ಇರುತ್ತದಾ?

ಬಕಧ್ಯಾನ

ಇರುವುದಿಲ್ಲ, ಬೇರೆ ತಗೋಬೇಕು. ಇಟಿ-74ಬಿ ಅಂತ ಕೇಳಿ. ಫಿಲ್ಟರ್ ಅಳತೆ 67 ಎಂಎಂ.