ಅವ್ವನ ಬಿಪಿ ಗುಳಿಗಿ ಬಿಡಿಸಿದ್ಯಾಕ?

ಜಮಖಂಡಿ ಕಾಕಾ: (ಫಾರ್ವರ್ಡ್) ಸಕ್ಕರೆ ಕಾಯಿಲೆಯವರೇ ಎಚ್ಚರ! ಟೆಲ್ಮಿಸಾರ್ಟನ್ ಮಾತ್ರೆ ಕಿಡ್ನಿ ತಿನ್ನುತ್ತದೆ. ಇಂದೇ ನಿಲ್ಲಿಸಿ, ಎಲ್ಲರಿಗೂ ಕಳಿಸಿ!!

ಜಮಖಂಡಿ ಕಾಕಾ: ಇದು ಖರೆ ಐತಿ. ಅವ್ವಗ ಈ ಗುಳಿಗಿ ಚಾಲೂ ಆದ ಮ್ಯಾಲೆ ರಕ್ತದಾಗ ಕ್ರಿಯಾಟಿನಿನ್, ಅಂದ್ರ ಕಿಡ್ನಿ ಸೋಸಿ ಹೊರಗ ಹಾಕೋ ಕಸ, 1.1 ಇದ್ದದ್ದು 1.3 ಆತು. ಸೋಮವಾರದಿಂದ ಬಿಡಿಸೇನಿ.

ನವನಗರ ಅಕ್ಕ: ಬಿಡಿಸಿದ್ರಿ?? ಡಾಕ್ಟರಿಗೆ ಕೇಳಿದ್ರೇನು ಕಾಕಾ?

ಜಮಖಂಡಿ ಕಾಕಾ: ರಿಪೋರ್ಟ್ ಕಣ್ಣಿಗೆ ಕಾಣತೈತಿ. ಕೇಳೂದೇನೈತಿ ಅದರಾಗ.

ನವನಗರ ಅಕ್ಕ: ಐತಿ. ಶುಗರ್ ಹಳೇದಾದ್ರ ಕಿಡ್ನಿಯ ಸೋಸುವ ಗಂಟಿನ್ಯಾಗ ಒತ್ತಡ ಏರತೈತಿ, ಮೂತ್ರದಾಗ ಪ್ರೋಟೀನ್ ಸೋರತೈತಿ. ಅವ್ವಂದು ಸೋರಾಕತ್ತೈತಿ, ಅದಕ್ಕ ಈ ಗುಳಿಗಿ ಬರದಾರ. ಇದು ರಕ್ತ ಹೊರಗ ಹೋಗೋ ಸಣ್ಣ ನಾಳ ಸಡಲ ಮಾಡಿ ಆ ಒತ್ತಡ ಇಳಸತೈತಿ. ಒತ್ತಡ ಇಳದ್ರ ಸೋಸೂದೂ ಒಂಚೂರು ಇಳೀತೈತಿ, ಕ್ರಿಯಾಟಿನಿನ್ ಏರತೈತಿ. ಶುರುವಿನ್ಯಾಗ 30 ಪರ್ಸೆಂಟ್ ತನಕ ಏರಿದ್ರೂ, ಪೊಟ್ಯಾಸಿಯಂ ಸರಿ ಇದ್ರ, ಗುಳಿಗಿ ಬಿಡಸಂಗಿಲ್ಲ. ಅವ್ವಂದು 20 ಸೈತ ಮುಟ್ಟಿಲ್ಲ.

ನವನಗರ ಅಕ್ಕ: ಇದ ಜಾತಿಯ ಲೊಸಾರ್ಟನ್ ಮ್ಯಾಲೆ 2001ರಾಗ ರೆನಾಲ್ ಅಂತ ಅಧ್ಯಯನ ಬಂತು. ಶುಗರಿನಿಂದ ಕಿಡ್ನಿ ಕೆಟ್ಟಿದ್ದ 1,513 ಮಂದಿ. ಗುಳಿಗಿ ತಗೊಂಡವರಾಗ ಕಿಡ್ನಿ ಪೂರಾ ಸೋಲೋ ಅಪಾಯ 28 ಪರ್ಸೆಂಟ್ ಕಡಿಮಿ ಆತು. ನಾ ದಿನಾ ಡಯಾಲಿಸಿಸ್ ವಾರ್ಡಿನ್ಯಾಗ ನಿಂದ್ರಾಕಿ ಕಾಕಾ. ಆ ಖಾಟಿನ ಮ್ಯಾಲೆ ಅವ್ವನ್ನ ನೋಡೂದು ನನಗ ಬ್ಯಾಡ.

ಮುಧೋಳ ಮಾಮಾ: ನನಗೂ ಶುಗರ್ ಐತಿ, ಬಿಪಿಗೆ ಬರೇ ಆಮ್ಲೊಡಿಪಿನ್ ಬರದಾರ. ಹಂಗಾದ್ರ ನಾನೂ ಬದಲಿ ಮಾಡಿಸ್ಲೇನು?

ನವನಗರ ಅಕ್ಕ: ಬ್ಯಾಡ್ರಿ ಮಾಮಾ. ನಿಮ್ಮ ಮೂತ್ರದಾಗ ಅಲ್ಬುಮಿನ್ ಅನ್ನೋ ಪ್ರೋಟೀನ್ ಇಲ್ಲ, ಹಾರ್ಟಿನ ತ್ರಾಸಿಲ್ಲ. 2002ರ ಆಲ್‌ಹ್ಯಾಟ್ ಅಧ್ಯಯನದಾಗ 33 ಸಾವಿರದ ಮ್ಯಾಲೆ ಮಂದಿ ಇದ್ರು, ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿಗೆ ಶುಗರ್. ಹಾರ್ಟ್ ಅಟ್ಯಾಕ್ ತಡಿಯೂದ್ರಾಗ ಆಮ್ಲೊಡಿಪಿನ್, ಅವ್ವನ ಗುಳಿಗಿಗೆ ಹತ್ತಿರದ ಲಿಸಿನೊಪ್ರಿಲ್, ಮೂತ್ರ ಹೆಚ್ಚಿಸೋ ಕ್ಲೋರ್‌ಥಾಲಿಡೋನ್ ಮೂರೂ ಬಿಪಿ ಗುಳಿಗಿ ಸಮ ಬಂದ್ವು. ಬಿಪಿ 130/80ರ ಕೆಳಗ ಇರಲಿ, ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ನೋಡಸ್ರಿ. ಆ ಟೆಸ್ಟ್ ನಮ್ಮ ಕಡೆ ಬಾಳ ಮಂದಿ ಮಾಡಸೂದ ಇಲ್ಲ, ಅದ ನನಗ ಹೊಟ್ಟಿ ಉರಿ.

ಇಳಕಲ್ ಅತ್ತಿ: ನನಗ ಬಿಪಿ ಗುಳಿಗಿ ರಾಮಿಪ್ರಿಲ್‌ದಿಂದ ಒಣಾ ಕೆಮ್ಮು ಬಂದಿತ್ತು, ಟೆಲ್ಮಿಸಾರ್ಟನ್ ಕೊಟ್ರು, ಹೋತು. ಹಳೇ ರಾಮಿಪ್ರಿಲ್ ಗುಳಿಗಿ ಪಟ್ಟಿ ಉಳದಾವು. ಅವ್ವಗ ಎರಡೂ ಕೂಡಿ ಕೊಟ್ರ ಇನ್ನೂ ಚಲೋ ಅಲ್ಲೇನ?

ನವನಗರ ಅಕ್ಕ: ಅತ್ತಿ, ಬಿಲ್ಕುಲ್ ಬ್ಯಾಡ! 2008ರ ಆನ್‌ಟಾರ್ಗೆಟ್ ಅಧ್ಯಯನದಾಗ ಇವ ಎರಡನ್ನ ಕೂಡಿಸಿ ನೋಡ್ಯಾರ. ಲಾಭ ಹೆಚ್ಚಾಗಲಿಲ್ಲ, ಕಿಡ್ನಿಗೆ ಪೆಟ್ಟು ಹೆಚ್ಚಾತು.

ಜಮಖಂಡಿ ಕಾಕಾ: ನೋಡ್ರಿ, ಈಗ ತಾನ ಕಿಡ್ನಿಗೆ ಪೆಟ್ಟು ಅಂತಾಳ. ಹೋದ ಬ್ಯಾಸಗ್ಯಾಗ ನಮ್ಮ ಓಣ್ಯಾಗ ಒಬ್ಬರಿಗೆ ಇದ ಗುಳಿಗಿಯಿಂದ ಕಿಡ್ನಿ ನಿಂತಿತ್ತು.

ನವನಗರ ಅಕ್ಕ: ಅವರಿಗೆ ವಾಂತಿ ಭೇದಿ ಆಗಿತ್ತೇನು?

ಜಮಖಂಡಿ ಕಾಕಾ: ಆಗಿತ್ತು. ಮೊಳಕಾಲ ನೋವಿನ ಗುಳಿಗಿನೂ ನುಂಗತಿದ್ರು.

ನವನಗರ ಅಕ್ಕ: ಹಂಗಿದ್ರ ನಿಮ್ಮ ಹೆದರಿಕಿ ಸುಳ್ಳಲ್ಲ. ಮೈಯಾಗ ನೀರು ಬತ್ತಿದಾಗ ಈ ಗುಳಿಗಿ, ಮ್ಯಾಲೆ ಡೈಕ್ಲೊಫಿನಾಕ್‌ನಂಥಾ ನೋವಿನ ಗುಳಿಗಿ ಕೂಡಿದ್ರ ಕಿಡ್ನಿ ಕುಸೀತೈತಿ. ವಾಂತಿ ಭೇದಿ ಹತ್ತಿದ ದಿನನ ಡಾಕ್ಟರಿಗೆ ಫೋನ್ ಮಾಡಬೇಕು, ಸುಧಾರಿಸೋ ತನಕ ಅವರ ತಡೀ ಅಂತಾರ. ಆದ್ರ ಅವ್ವ ಆರಾಮ ಅದಾಳ. ಬಿಪಿ ಎಷ್ಟೈತಿ ಇವತ್ತು?

ಜಮಖಂಡಿ ಕಾಕಾ: 168/94.

ಇಳಕಲ್ ಅತ್ತಿ: ಅಯ್ಯ ಶಿವನ

ಜಮಖಂಡಿ ಕಾಕಾ: ಉಪ್ಪು ಕಡಿಮಿ ಮಾಡೇನಿ. ಬಿಪಿಯವರಿಗಂತ ಪೊಟ್ಯಾಸಿಯಂ ಉಪ್ಪು ಸಿಗತೈತಲ್ಲ, ಅದನ್ನ ತಂದೇನಿ.

ನವನಗರ ಅಕ್ಕ: ಅದನ್ನ ಈಗಿಂದೀಗ ಬಾಜೂಕ ಇಡ್ರಿ ಕಾಕಾ. ಈ ಗುಳಿಗಿ ಪೊಟ್ಯಾಸಿಯಂ ಹಿಡದಿಡತೈತಿ, ಅದು ಮಿತಿ ಮೀರಿದ್ರ ಹಾರ್ಟಿನ ಬಡತ ತಪ್ಪತೈತಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಕಡಿಮಿ ಮಾಡ್ರಿ, ಸಾಕು.

ಜಮಖಂಡಿ ಕಾಕಾ: ಡಾಕ್ಟರ್ ಸಂಜೀಕ ಸಿಗ್ತಾರ. ಅವರು ಹೂಂ ಅಂದ್ರ ರಾತ್ರಿನ ಕೊಡ್ತೇನಿ.

ನವನಗರ ಅಕ್ಕ: ಈ ಉಪ್ಪಿನ ಸುದ್ದಿನೂ ಹೇಳ್ರಿ. ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತ ಯಾವಾಗ ನೋಡಸೂದು ಕೇಳಿ ಬರಕೋರಿ. ನೀವು ಅಲ್ಲಿದ್ದಾಗ ನನಗ ಫೋನ್ ಹಚ್ಚಿಕೊಡ್ರಿ.