ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತದೆ, ಸೆಲ್ಫ್ ತಿರುಗುತ್ತಿಲ್ಲ: ಹಳೇ 40 ಎಚ್‌ಪಿ ಔಟ್‌ಬೋರ್ಡ್

ಶರಾವತಿ ದಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಹೊನ್ನಾವರ. ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಕಾಡು ನೋಡಲು ಬರುವವರನ್ನು ಸುತ್ತಾಡಿಸುವ ಫೈಬರ್ ದೋಣಿ ಇದೆ. ದೋಣಿಯ ಹಿಂದೆ ಹೊರಗೆ ಕೂರಿಸುವ ಔಟ್‌ಬೋರ್ಡ್ ಇಂಜಿನ್, 40 ಎಚ್‌ಪಿ, ಟು ಸ್ಟ್ರೋಕ್, ಎರಡು ಸಿಲಿಂಡರ್, 18 ವರ್ಷ ಹಳೆಯದು. ಅಪ್ಪ ತೆಗೆದುಕೊಂಡಿದ್ದು, ಇವತ್ತಿನವರೆಗೂ ಕೈಕೊಟ್ಟಿದ್ದಿಲ್ಲ. ಮಳೆಗಾಲ ಪೂರ್ತಿ ದಡದ ಶೆಡ್ಡಿನಲ್ಲಿ ಟಾರ್ಪಾಲ್ ಹೊದಿಸಿ ಇಟ್ಟಿದ್ದೆವು. ಈಗ ದಸರಾ ರಜೆಗೆ ಜನ ಬರುವ ಹೊತ್ತಿಗೆ ಹೊರಗೆ ತೆಗೆದು ಕೀ ತಿರುಗಿಸಿದರೆ ಒಂದೇ ಒಂದು ಸಲ "ಟಕ್" ಅನ್ನುತ್ತದೆ, ಅಷ್ಟೇ. ಸೆಲ್ಫ್ ಮೋಟಾರ್ ಮಿಸುಕುವುದೇ ಇಲ್ಲ.

ಬ್ಯಾಟರಿ ಹೊಸದು, ಮೀಟರ್ ಇಟ್ಟು ನೋಡಿದೆ, 12.7 ವೋಲ್ಟ್ ಇದೆ. ಫ್ಯೂಸ್ ಸರಿ ಇದೆ. ಗೇರ್ ನ್ಯೂಟ್ರಲ್‌ನಲ್ಲೇ ಇದೆ. ಫ್ಲೈವೀಲ್ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ಅಂದರೆ ಇಂಜಿನ್ ಜಾಮ್ ಆಗಿಲ್ಲ. ತೋರಿಸಿದ ಕಡೆ "ಸೆಲ್ಫ್ ಮೋಟಾರ್ ಹೋಗಿದೆ, ಹೊಸದು ಹಾಕಿ" ಅಂದರು. ಅದರ ರೇಟು ಕೇಳಿ ಎರಡು ದಿನದಿಂದ ನಿದ್ದೆ ಇಲ್ಲ. ಹಾಕಿಸುವ ಮೊದಲು ನಾನೇ ಏನಾದರೂ ನೋಡಬಹುದಾ? ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ.

ಗಂಗೊಳ್ಳಿ ವೈರಿಂಗ್:
ಸೆಲ್ಫ್ ಮೋಟಾರ್ ತರಬೇಡಿ, ಸ್ವಲ್ಪ ತಡೆಯಿರಿ ಮಾರಾಯ್ರೆ.

ಟಕ್ ಅಂತ ಸದ್ದು ಬಂತು ಅಂದರೆ ಕೀ, ಫ್ಯೂಸ್, ನ್ಯೂಟ್ರಲ್ ಸ್ವಿಚ್, ಇವೆಲ್ಲ ತಮ್ಮ ಕೆಲಸ ಮಾಡಿವೆ. ರಿಲೇವರೆಗೆ (ಸೆಲ್ಫಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಕರೆಂಟ್ ಹೋಗಿದೆ, ಸದ್ದು ಮಾಡಿದ್ದೇ ಅದು. ತೊಂದರೆ ಇರುವುದು ದಪ್ಪ ಕೇಬಲ್‌ನ ದಾರಿಯಲ್ಲಿ. ಬ್ಯಾಟರಿ, ರಿಲೇ, ಸೆಲ್ಫ್ ಮೋಟಾರ್, ಅಲ್ಲಿಂದ ಇಂಜಿನ್ ಬಾಡಿ, ವಾಪಸ್ ಬ್ಯಾಟರಿ ಮೈನಸ್. ಈ ಸುತ್ತಿನಲ್ಲಿ ಎಲ್ಲಿ ಬೇಕಾದರೂ ಇರಬಹುದು.

ನೀವು ನೋಡಿದ 12.7 ಇದೆಯಲ್ಲ, ಅದು ಸುಮ್ಮನೆ ಕೂತ ಬ್ಯಾಟರಿಯ ವೋಲ್ಟೇಜ್. ಮನೆ ಮೇಲಿನ ಟ್ಯಾಂಕ್ ತುಂಬಿದೆ ಅಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಬೇಕು ಅಂತಿಲ್ಲ, ಪೈಪಿನಲ್ಲಿ ಕಸ ಕಟ್ಟಿಕೊಂಡಿದ್ದರೆ ಟ್ಯಾಂಕ್ ತುಂಬಿಯೇ ಇರುತ್ತದೆ. ಹಾಗಾಗಿ ಕೀ ಒತ್ತಿ ಹಿಡಿದಿರುವಾಗಲೇ ಅಳೆಯಬೇಕು. ಒಬ್ಬರು ಕೀ ಹಿಡಿಯಲಿ, ನೀವು ಮೀಟರ್ ಹಿಡಿಯಿರಿ. ಮೊದಲು ಕಿಲ್ ಸ್ವಿಚ್‌ನ ಕೆಂಪು ದಾರ ತೆಗೆದಿಡಿ, ಆಗ ಸೆಲ್ಫ್ ತಿರುಗಿದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ; ದಡದ ಮೇಲೆ ನೀರಿಲ್ಲದೆ ಇಂಜಿನ್ ಸ್ಟಾರ್ಟ್ ಆದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಕೆಲಸ ಶುರು ಮಾಡಲೇಬೇಡಿ, ಕವರ್ ತೆಗೆದು ಗಾಳಿ ಆಡಲು ಬಿಡಿ.

ಮೊದಲು ಬ್ಯಾಟರಿಯ ಎರಡು ಕಂಬಗಳ ಮಧ್ಯೆ ನೋಡಿ. ಕೀ ಒತ್ತಿದಾಗ 9ರ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಒಳಗೇ ಕಚ್ಚಿಕೊಂಡಿದೆ. 12ರ ಮೇಲೇ ನಿಂತರೆ ಕರೆಂಟ್ ಸರಿಯಾಗಿ ಹರಿಯುತ್ತಿಲ್ಲ, ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಆಮೇಲೆ ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಮೋಟಾರಿನ ತಾಮ್ರದ ಬೋಲ್ಟಿಗೆ ನೋಡಿ, ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಕೊನೆಗೆ ಬ್ಯಾಟರಿ ಮೈನಸ್ ಕಂಬದಿಂದ ಇಂಜಿನ್ ಬಾಡಿಗೆ. ಬಣ್ಣದ ಮೇಲೆ ಅಲ್ಲ, ಕೆರೆದ ಲೋಹದ ಮೇಲೆ ಪಿನ್ ಇಡಿ. ಅಲ್ಲಿಯೂ ಹೆಚ್ಚೆಂದರೆ ಅರ್ಧ ವೋಲ್ಟ್. ಮೈನಸ್ ಕಡೆಯನ್ನು ಯಾರೂ ನೋಡುವುದೇ ಇಲ್ಲ, ಉಪ್ಪು ನೀರಿನಲ್ಲಿ ಅದೂ ಬೇಗ ಹೋಗುತ್ತದೆ.

ಬೆಂಗ್ರೆ ಮೆಕ್ಯಾನಿಕ್:
ಮೇಲಿನವರು ಹೇಳಿದ್ದು ಸರಿ. ನಾನು ಒಂದು ಸೇರಿಸುತ್ತೇನೆ. ಅಳತೆಯಲ್ಲಿ ಎಲ್ಲ ಸರಿ ಬಂದು, ಸೆಲ್ಫ್ ಬೋಲ್ಟಿಗೆ ಪೂರ್ತಿ 12 ಸಿಗುತ್ತಿದ್ದೂ ತಿರುಗದಿದ್ದರೆ ಆಗ ಮಾತ್ರ ಮೋಟಾರ್ ಬಿಚ್ಚಿ. ಆಗಲೂ ಹೊಸದು ಬೇಕಾಗುವುದು ಕಡಿಮೆ. ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲ್ಲವಾದರೆ ನಾಲ್ಕು ತಿಂಗಳ ತೇವಕ್ಕೆ ಹೋಲ್ಡರಿನಲ್ಲೇ ಅಂಟಿಕೊಂಡು ಮೋಟಾರಿನ ತಿರುಗುವ ತಾಮ್ರದ ಭಾಗಕ್ಕೆ (ಕಮ್ಯುಟೇಟರ್) ತಾಗುತ್ತಲೇ ಇರುವುದಿಲ್ಲ. ಬ್ರಷ್ ಸೆಟ್ಟಿನ ಬೆಲೆ ಮೋಟಾರಿನ ಮುಂದೆ ಏನೂ ಅಲ್ಲ.

ಇನ್ನೊಂದು. ಮೋಟಾರ್ "ಝುಂಯ್" ಅಂತ ತಿರುಗಿ ಇಂಜಿನ್ ತಿರುಗದಿದ್ದರೆ ಅದು ಬೆಂಡಿಕ್ಸ್, ಅಂದರೆ ಫ್ಲೈವೀಲಿಗೆ ಕಚ್ಚುವ ಚಿಕ್ಕ ಹಲ್ಲುಚಕ್ರ, ಮೇಲೇರದ ತೊಂದರೆ. ಅದಕ್ಕೆ ಗ್ರೀಸ್ ಮೆತ್ತುವವರಿದ್ದಾರೆ, ಮಾಡಬೇಡಿ. ಮರಳು ಧೂಳು ಅಂಟಿಕೊಂಡು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಒರೆಸಿ ಎರಡು ಹನಿ ತೆಳು ಎಣ್ಣೆ ಸಾಕು. ನಿಮ್ಮದು ಆ ಕೇಸ್ ಅಲ್ಲ ಅನ್ನಿಸುತ್ತದೆ.

ಮಲ್ಪೆ ನಾಡದೋಣಿ:
ನಮ್ಮ ಚಿಕ್ಕ ಓಬಿಎಂಗಳಿಗೆ (ಔಟ್‌ಬೋರ್ಡ್ ಮೋಟಾರ್) ಸೆಲ್ಫ್ ಇಲ್ಲ, ಹಗ್ಗ ಎಳೆಯುವುದೇ. ಆದರೆ ಅಣ್ಣ, ನೀವು ಜನರನ್ನು ಕೂರಿಸಿಕೊಂಡು ಹೋಗುವವರು, ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ಇಂಜಿನ್ ನಿಂತರೆ ದೋಣಿ ಕಡಲಿಗೆ ಹೋಗುತ್ತದೆ. ಹಾಗಾಗಿ ಸೆಲ್ಫ್ ಸರಿಯಾದ ಮೇಲೂ ತುದಿಗೆ ಗಂಟು ಹಾಕಿದ ಒಂದು ಹಗ್ಗ ದೋಣಿಯಲ್ಲಿ ಇಡಿ. ಆ ಸೈಜಿನ ಸುಮಾರು ಇಂಜಿನ್‌ಗಳಲ್ಲಿ ಫ್ಲೈವೀಲ್ ತಲೆಗೆ ಕಚ್ಚು ಇರುತ್ತದೆ, ಗಂಟು ಅದರಲ್ಲಿ ಕೂತು ಹಗ್ಗ ಸುತ್ತಿಕೊಳ್ಳುತ್ತದೆ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ, ಮರದ ಹಿಡಿ ಹಾಕಿ. ಎಳೆಯುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ಕಣ್ಣಾರೆ ನೋಡಿ, ಹಗ್ಗದಲ್ಲಿ ಎಳೆಯುವಾಗ ಕೀ ಕಡೆಯ ನ್ಯೂಟ್ರಲ್ ಸ್ವಿಚ್ ನಿಮ್ಮನ್ನು ತಡೆಯುವುದಿಲ್ಲ. ಒಮ್ಮೆ ದಡದ ಪಕ್ಕದಲ್ಲೇ ಎಳೆದು ಅಭ್ಯಾಸ ಮಾಡಿಕೊಳ್ಳಿ.

ಶರಾವತಿ ದಡ:
ಎಲ್ಲರಿಗೂ ತುಂಬಾ ಧನ್ಯವಾದ. ಸಂಜೆ ತಮ್ಮನನ್ನು ಕೀ ಹಿಡಿಯಲು ನಿಲ್ಲಿಸಿ ಅಳೆದೆ.

ಬ್ಯಾಟರಿ ಕಂಬಗಳ ಮಧ್ಯೆ ಕೀ ಒತ್ತಿದಾಗ 12.3. ಪ್ಲಸ್ ಕಡೆ 0.3. ಮೈನಸ್ ಕಂಬದಿಂದ ಇಂಜಿನ್ ಬಾಡಿಗೆ 7.8! ಮೀಟರ್ ಕೆಟ್ಟಿದೆಯೇನೋ ಅಂತ ಮೂರು ಸಲ ನೋಡಿದೆ, ಅಷ್ಟೇ ಬಂತು. ಮೋಟಾರಿಗೆ ಸಿಗುತ್ತಿದ್ದಿದ್ದು ಬರೀ 4 ಚಿಲ್ಲರೆ. ಆಮೇಲೆ ಇಂಜಿನ್ ಕಡೆ ಮೈನಸ್ ಕೇಬಲ್ ತುದಿಯ ಲೋಹದ ಲಗ್ ಮುಟ್ಟಿ ನೋಡಿದರೆ ಕೈ ಇಡಲಾಗದಷ್ಟು ಬಿಸಿ. ಮುಂದೆ ಏನು ಮಾಡಲಿ?

ಗಂಗೊಳ್ಳಿ ವೈರಿಂಗ್:
ಸಿಕ್ಕಿತು ನೋಡಿ. ಬಿಸಿಯಾದ ಜಾಗದಲ್ಲೇ ಆ 7.8 ವೋಲ್ಟ್ ಶಾಖವಾಗಿ ಹೋಗುತ್ತಿದೆ. ಖಾತ್ರಿ ಮಾಡಿಕೊಳ್ಳಬೇಕು ಅಂದರೆ ಕಾರಿನ ದಪ್ಪ ಜಂಪರ್ ಕೇಬಲ್ ಒಂದನ್ನು ಮೊದಲು ಬ್ಯಾಟರಿ ಮೈನಸ್‌ಗೆ ಹಾಕಿ, ಇನ್ನೊಂದು ತುದಿಯನ್ನು ಪೆಟ್ರೋಲ್ ಪೈಪಿನಿಂದ ದೂರ, ಇಂಜಿನ್ನಿನ ದಪ್ಪ ಲೋಹಕ್ಕೆ ಕಚ್ಚಿಸಿ. ಕಿಲ್ ಸ್ವಿಚ್ ದಾರ ಹೊರಗೇ ಇರಲಿ. ಕೀ ತಿರುಗಿಸಿ. ಸೆಲ್ಫ್ ತಿರುಗಿದರೆ ಕೇಬಲ್ ಬದಲಾಯಿಸಿ, ಮತ್ತೇನೂ ಬೇಡ.

ಲಗ್ ಮಾತ್ರ ಉಜ್ಜಿ ವಾಪಸ್ ಹಾಕಬೇಡಿ. ಕೇಬಲ್‌ನ ಹೊರಗಿನ ರಬ್ಬರ್ ಒಂದು ಕಡೆ ಕೊಯ್ದು ಒಳಗೆ ನೋಡಿ.

ಶರಾವತಿ ದಡ:
ಜಂಪರ್ ಕಚ್ಚಿಸಿ ಕೀ ತಿರುಗಿಸಿದ ಕೂಡಲೇ ಇಂಜಿನ್ ಗರ್ ಗರ್ ಅಂತ ತಿರುಗಿತು. ಅಪ್ಪ ಶೆಡ್ಡಿನ ಹೊರಗೆ ಕೂತಿದ್ದವರು ಸದ್ದು ಕೇಳಿ ಎದ್ದು ಬಂದರು.

ಹಳೇ ಕೇಬಲ್ ಕೊಯ್ದು ನೋಡಿದೆ. ಲಗ್ಗಿನ ಹತ್ತಿರ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿ. ಒಂದು ಅಡಿ ಹಿಂದೆ ಹೋದರೂ ತಾಮ್ರ ಕಪ್ಪಗೇ ಇತ್ತು. ಹೊರಗಿನ ರಬ್ಬರ್ ಮಾತ್ರ ಹೊಸದರಂತೆ ಮಿರಮಿರ. ಮೇಲಿಂದ ನೋಡಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತವರ ಲೇಪಿಸಿದ ತಾಮ್ರದ 35 ಚದರ ಮಿಲಿಮೀಟರ್ ಕೇಬಲ್ ತರಿಸಿದೆ. ಲಗ್ ಸುತ್ತಿಗೆಯಲ್ಲಿ ಬಡಿಯದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಒಳಗೆ ಅಂಟು ಇರುವ ಸ್ಲೀವ್ ಬಿಸಿ ಮಾಡಿ ಮುಚ್ಚಿದೆ. ಇಂಜಿನ್ ಬಾಡಿಯಲ್ಲಿ ಲಗ್ ಕೂರುವ ಜಾಗದ ಬಣ್ಣ ಕೆರೆದು ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿದೆ. ಈಗ ಮೈನಸ್ ಕಡೆ 0.2 ತೋರಿಸುತ್ತದೆ. ಇವತ್ತು ಬೆಳಿಗ್ಗೆ ನೀರಿಗಿಳಿಸಿ ಕಾಂಡ್ಲಾವರೆಗೆ ಹೋಗಿ ಬಂದೆವು, ಐದು ಸಲ ನಿಲ್ಲಿಸಿ ಐದು ಸಲವೂ ಒಂದೇ ಕೀಗೆ ಸ್ಟಾರ್ಟ್ ಆಯಿತು. ಹಗ್ಗವೂ ದೋಣಿಗೆ ಬಂದಿದೆ, ಮಲ್ಪೆ ಅಣ್ಣ.

ಬೆಂಗ್ರೆ ಮೆಕ್ಯಾನಿಕ್:
ಖುಷಿ ಆಯಿತು. ಪ್ಲಸ್ ಕೇಬಲ್ ಕೂಡ ಅದೇ 18 ವರ್ಷದ್ದು ಅಲ್ವಾ? 0.3 ಈಗ ಸರಿ, ಆದರೆ ಒಳಗೆ ಅದೇ ಕಿಲುಬು ಶುರುವಾಗಿರುತ್ತದೆ. ಸೀಸನ್ ಮುಗಿಯುವವರೆಗೆ ಕಾಯಬೇಡಿ. ಬ್ಯಾಟರಿ ಮೇಲೆ ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ ಇದ್ದರೆ ಅದನ್ನೂ ತೆಗೆದು ಲಾಕ್ ನಟ್ ಹಾಕಿ, ಅಲೆಯ ಹೊಡೆತಕ್ಕೆ ಅದು ಸಡಿಲ ಆಗುತ್ತದೆ.

ಶರಾವತಿ ದಡ:
ರೆಕ್ಕೆ ನಟ್ಟೇ ಇದೆ. ಕೇಬಲ್ ಎರಡು ಮೀಟರ್ ಉಳಿದಿದೆ, ನಾಳೆ ಎರಡೂ ಬದಲಾಯಿಸುತ್ತೇನೆ.