ಸಹಾಯ ಬೇಕು: ಸ್ವೀಡಿಶ್‌ನಲ್ಲಿ 'ಎರಡನೇ ದೊಡ್ಡದು', 'ಕೊನೆಯಿಂದ ಮೂರನೇದು' ಹೇಗೆ ಹೇಳೋದು?

ಸ್ವೀಡನ್‌ನಲ್ಲಿರೋ ಕನ್ನಡದವ್ರಿಗೆಲ್ಲಾ ನಮಸ್ಕಾರ. ಮಕ್ಕಳಿಗೋಸ್ಕರ ಒಂದು ಭೂಗೋಳದ ಪುಟ್ಟ ಪುಸ್ತಕನ ಇಂಗ್ಲಿಷಿಂದ ಸ್ವೀಡಿಶ್‌ಗೆ ತರ್ತಾ ಇದೀನಿ, ಅದ್ರಲ್ಲಿ ಈ ರ‍್ಯಾಂಕ್ ಹೇಳೋ ಮಾತುಗಳದ್ದೇ ತಲೆನೋವಾಗಿದೆ. ವೇನೆರ್ನ್ ದೇಶದ ಅತಿ ದೊಡ್ಡ ಸರೋವರ, ಅದು ಸಲೀಸು. ವೆಟ್ಟೆರ್ನ್ ಸೆಕೆಂಡ್ ಲಾರ್ಜೆಸ್ಟ್ ಅನ್ನೋಕೆ 'ನೆಸ್ಟ್ ಸ್ಟರ್ಸ್ಟ' ಅಂತಾರೆ, ಎರಡು ಅನ್ನೋ ನಂಬರೇ ಬರಲ್ಲ, ದೊಡ್ಡದರ ಪಕ್ಕದ್ದು ಅನ್ನೋ ಥರ, ಚೆನ್ನಾಗಿದೆ. ಆದ್ರೆ ಮೇಲಾರೆನ್ ಮೂರನೇದು ಅಂದ ತಕ್ಷಣ 'ತ್ರೇದ್ಯೆ ಸ್ಟರ್ಸ್ಟ' ಅಂತ ನಂಬರ್ ಬಂದ್ಬಿಡತ್ತೆ, ಒಂದೇ ಪುಟದಲ್ಲಿ ಎರಡೂ ಬಂದ್ರೆ ಮಕ್ಕಳಿಗೆ ಗೊಂದಲ ಆಗಲ್ವಾ?

ಕೊನೆಯಿಂದ ಎರಡನೇದು 'ನೆಸ್ಟ್ ಸಿಸ್ಟ್', ಓಕೆ. ಕೊನೆಯಿಂದ ಮೂರನೇದಕ್ಕೆ 'ತ್ರೇದ್ಯೆ ಫ್ರೋನ್ ಸ್ಲೂತೆತ್' ಅಂತ ಹಾಕಿದೀನಿ, ಇಲ್ಲೇ ಶಾಲೆಗೆ ಹೋಗೋ ಮಕ್ಕಳು ಮಾತಲ್ಲಿ ಹಾಗೇ ಅಂತಾರಾ, ಬೇರೆ ಏನಾದ್ರೂ ಇದ್ಯಾ?

ಇನ್ನೊಂದು, ಗೋಥನ್‌ಬರ್ಗ್ ನಗರದ ಬಗ್ಗೆ 'ಸೆಕೆಂಡ್ ಓನ್ಲಿ ಟು ಸ್ಟಾಕ್‌ಹೋಮ್' ಅಂತಿದೆ. ಸ್ಟಾಕ್‌ಹೋಮ್ ಮಾತ್ರ ಇದಕ್ಕಿಂತ ದೊಡ್ಡದು ಅಂತ ಬಿಡಿಸಿ ಬರೆಯೋದೇ ಸರಿ ಅನ್ಸತ್ತೆ ನಂಗೆ. ಸ್ವೀಡನ್‌ನಲ್ಲೇ ಓದಿ ಬೆಳೆದ ಮಕ್ಕಳಿರೋರು ದಯವಿಟ್ಟು ಅವ್ರನ್ನೇ ಒಂದ್ಸಲ ಕೇಳಿ, ಅವ್ರು ಹೇಳಿದ್ದನ್ನ ಹಾಗೇ ಕಾಮೆಂಟಲ್ಲಿ ಹಾಕಿ, ತುಂಬಾ ಉಪಕಾರ ಆಗತ್ತೆ.